೧೯೪೮ರ ಚಳಿಗೆ ಒಂದು ಚಿಪಾವ್

ಶಾಂಘೈ
೯ ಮಾರ್ಚ್ ೧೯೮೭

ಅಮ್ಮಾ,

ನೀನು ಕಳಿಸಿದ ಉಪ್ಪು ಹಾಕಿದ ಸಾಸಿವೆ ಸೊಪ್ಪು ತಲುಪಿತು. ಡಬ್ಬಿ ದಾರಿಯಲ್ಲೇ ಸೋರಿ, ಪೊಟ್ಟಣದ ಮೇಲಿದ್ದ ನನ್ನ ಹೆಸರು ಅಳಿಸಿಹೋಗಿತ್ತು. ನಮ್ಮ ಗೇಟಿನ ಕಾವಲಿನವನು ಮೂಸಿ ನೋಡಿ, "ಇದು ಜಿಯಾಶಿಂಗ್ ಕಡೇದು, ಬಟ್ಟೆ ವಿಭಾಗದ ಯಾನ್‌ರು ಅಕ್ಕಂದೇ" ಅಂತ ತಂದುಕೊಟ್ಟ. ಇನ್ನು ಮೇಲೆ ಮುಚ್ಚಳಕ್ಕೆ ಮೇಣ ಹಚ್ಚು.

ಒಂದು ಸುದ್ದಿಯಿದೆ. ಸ್ಟುಡಿಯೋದವರು ಈ ಸಲ ನನಗೆ ಒಂದು ಪೂರ್ತಿ ಸಿನಿಮಾದ ಉಡುಪು ವಹಿಸಿದ್ದಾರೆ. ಇಷ್ಟು ವರ್ಷ ಇನ್ನೊಬ್ಬರು ಹೇಳಿದ ಕಡೆ ಗುಂಡಿ ಹಚ್ಚುತ್ತಿದ್ದೆ, ಇನ್ನು ನಾನೇ ಹೇಳಬೇಕು. ಗೂಢಚಾರರ ಕಥೆ. ೧೯೪೮ರ ಚಳಿಗಾಲದ ಶಾಂಘೈ. ನಾಯಕಿ ಹಗಲು ಬ್ಯಾಂಕಿನಲ್ಲಿ ಟೈಪ್ ಮಾಡುತ್ತಾಳೆ, ಸಂಜೆ ಸುದ್ದಿ ಸಾಗಿಸುತ್ತಾಳೆ. ಹೊರಾಂಗಣದ ದೃಶ್ಯಗಳನ್ನು ಬರುವ ಚಳಿಗಾಲದಲ್ಲಿ ತೆಗೆಯುತ್ತಾರೆ. ಅಷ್ಟರೊಳಗೆ ಎಲ್ಲ ಸಿದ್ಧವಾಗಬೇಕು.

ಹಳೆಯ ಪತ್ರಿಕೆಗಳನ್ನು ನೋಡುತ್ತಿದ್ದೇನೆ. ಅವುಗಳಲ್ಲಿ ಇರುವುದೆಲ್ಲ ಸಿಗರೇಟು ಮಾರುವ ಸುಂದರಿಯರು. ಟ್ರಾಮ್ ಹಿಡಿದು ಕೆಲಸಕ್ಕೆ ಹೋಗುತ್ತಿದ್ದವರ ಚಿತ್ರ ಯಾರೂ ಅಚ್ಚು ಹಾಕಿಲ್ಲ. ಆಗ ನಿನಗೆ ಇಪ್ಪತ್ತೆರಡು, ಇದೇ ಊರಿನಲ್ಲಿ ಇದ್ದೆ. ಏನು ತೊಡುತ್ತಿದ್ದಿರಿ? ಕಾಲರ್ ಎಷ್ಟು ಎತ್ತರ, ಅಂಚು ಎಲ್ಲಿಗೆ ಬರುತ್ತಿತ್ತು? ಚಳಿಗೆ ಮೇಲೇನು? ನೆನಪಿದ್ದಷ್ಟು ಬರೆ. ನೆನಪಿಲ್ಲದ್ದನ್ನು ದಯವಿಟ್ಟು ಸೇರಿಸಬೇಡ, ಅದಕ್ಕೆ ನಿರ್ದೇಶಕರು ಇದ್ದಾರೆ.

ಮಂಡಿ ನೋವು ಹೇಗಿದೆ?

ಯಾನ್‌ರು


ಜಿಯಾಶಿಂಗ್
೧೭ ಮಾರ್ಚ್ ೧೯೮೭

ಯಾನ್‌ರು,

ಕಾಗದ ಬಂತು. ಬಟ್ಟೆಯ ವಿಚಾರ ಒಂದೂವರೆ ಪುಟ, ನನ್ನ ಮಂಡಿಯ ವಿಚಾರ ಒಂದೇ ಸಾಲು. ಪರವಾಗಿಲ್ಲ, ಮಂಡಿ ಹೇಗಿತ್ತೋ ಹಾಗೇ ಇದೆ. ದೊಡ್ಡ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಪಕ್ಕದ ಮನೆ ತಾನ್ ಅಕ್ಕನಿಗೆ ಹೇಳಿದೆ. "ಹಾಗಾದ್ರೆ ಇನ್ನು ಪುಕ್ಕಟೆ ಟಿಕೆಟ್ ಸಿಗತ್ತಾ?" ಎಂದಳು. ಅವಳ ಬುದ್ಧಿ ಗೊತ್ತಲ್ಲ.

ಈಗ ಕೇಳು. ಆ ಚಳಿಗಾಲ ಹೊಸದಾಗಿ ಹೊಲಿಸಿದವರೇ ಕಡಿಮೆ. ಮೊದಲಿನ ನೆಲ ಗುಡಿಸುವ ಚಿಪಾವ್ ನಿಲುವಂಗಿಗಳ ಅಂಚು ಕತ್ತರಿಸಿ ಅರ್ಧ ಮೀನಖಂಡಕ್ಕೆ ತಂದಿದ್ದೆವು. ಕಾಲರ್ ಎರಡು ಬೆರಳಿಗಿಂತ ಹೆಚ್ಚಿಲ್ಲ. ಗದ್ದಕ್ಕೆ ತಾಗುವ ಕಾಲರ್ ಹಾಕಿಕೊಂಡು ದಿನವಿಡೀ ಟೈಪ್ ಮಾಡಲು ಆದೀತೇ? ಮೇಲೆ ಕೈಯಲ್ಲಿ ಹೆಣೆದ ಸ್ವೆಟರ್, ಮುಂದೆ ಗುಂಡಿ ಇರುವಂಥದ್ದು. ಕೋಟು ಇದ್ದವರು ಕೋಟು. ಪಕ್ಕದ ಸೀಳು ಮೊಣಕಾಲಿನ ಕೆಳಗೇ ಮುಗಿಯುತ್ತಿತ್ತು, ಒಳಗೆ ಲಂಗ ಇರುತ್ತಿತ್ತು. ಮೊಣಕಾಲು ಕಾಣಿಸಿಕೊಂಡು ಟ್ರಾಮ್ ಹತ್ತಿದ್ದರೆ ಒಳಗಿದ್ದ ಮುದುಕಿಯರೇ ಬೈದು ಇಳಿಸುತ್ತಿದ್ದರು. ಕರವಸ್ತ್ರವನ್ನು ಬಲಗಂಕುಳ ಹತ್ತಿರ ಗುಂಡಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದೆವು. ನಿನ್ನ ಗೂಢಚಾರಿಣಿಗೆ ಚೀಟಿ ಬಚ್ಚಿಡಲು ಜಾಗ ಬೇಕಿದ್ದರೆ ಅಲ್ಲಿಗಿಂತ ಒಳ್ಳೆಯ ಜಾಗ ಇಲ್ಲ.

ಸೊಂಟ ಹಿಡಿದು ಹೊಲಿಯುವ ಚಾಳಿ ನಮ್ಮ ಕಾಲದ್ದಲ್ಲ. ಬಟ್ಟೆ ಮೈಮೇಲಿಂದ ಸುಮ್ಮನೆ ಇಳಿಯಬೇಕು. ನನ್ನದು ಕೆಂಗಂದು ರೇಷ್ಮೆಯದು ಇದೆಯಲ್ಲ, ಅದರಲ್ಲಿ ಎದೆಗೆ ಮಡಿಕೆ ಹಿಡಿದು ಹೊಲಿದ ಒಂದು ಟಕ್ಸ್ ಕೂಡ ಇಲ್ಲ. ಹೆಗಲ ಮೇಲೆ ಹೊಲಿಗೆಯೇ ಇಲ್ಲ.

ಸೊಪ್ಪಿನ ಡಬ್ಬಿಗೆ ಮೇಣ ಹಚ್ಚಿದರೆ ಸೊಪ್ಪು ಮೇಣ ಮೇಣ ಅನ್ನುತ್ತದೆ. ಬಟ್ಟೆ ಸುತ್ತಿ ಕಳಿಸುತ್ತೇನೆ.

ಅಮ್ಮ


ಶಾಂಘೈ
೨ ಏಪ್ರಿಲ್ ೧೯೮೭

ಅಮ್ಮಾ,

ಕೆಂಗಂದು ರೇಷ್ಮೆಯದು "ಇದೆಯಲ್ಲ" ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯ! ನನಗೇನು ಗೊತ್ತು ಇದೆ ಎಂದು? ೬೬ರಲ್ಲಿ, ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ, ಮನೆ ಶೋಧಿಸಲು ಬಂದ ಕೆಂಪು ಪಟ್ಟಿಯ ಹುಡುಗರು ಎಲ್ಲವನ್ನೂ ಅಂಗಳದಲ್ಲಿ ಸುಟ್ಟರು ಎಂದುಕೊಂಡಿದ್ದೆ.

ವಿಷಯ ಹೇಳುತ್ತೇನೆ. ನಮ್ಮ ಉಗ್ರಾಣದಲ್ಲಿ ಇರುವ ಚಿಪಾವ್‌ಗಳೆಲ್ಲ ಆಮೇಲೆ ಹಾಂಗ್‌ಕಾಂಗ್ ಮಾದರಿ ನೋಡಿ ಹೊಲಿದವು. ಟಕ್ಸ್, ಹೆಗಲ ಹೊಲಿಗೆ, ಬೇರೆ ಜೋಡಿಸಿದ ತೋಳು, ಎಲ್ಲ ಇವೆ. ನಿರ್ದೇಶಕ ಚಿಯು ಅವರಿಗೆ ಅವೇ ಇಷ್ಟ. ಮೊನ್ನೆ ಸಭೆಯಲ್ಲಿ ನಾನು ಸೀಳು ಮೊಣಕಾಲಿನ ಕೆಳಗೆ ಎಂದಾಗ, "ಅಯ್ಯೋ ಯಾನ್‌ರು, ಅಷ್ಟೂ ಮುಚ್ಚಿಟ್ರೆ ಇವಳು ಗೂಢಚಾರಿಣಿ ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದರು. "ಜನಕ್ಕೆ ಗೊತ್ತಾದ್ರೆ ಪೊಲೀಸ್ರಿಗೂ ಗೊತ್ತಾಗತ್ತಲ್ಲ ಸಾರ್" ಎಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. "ಹಾಗಾದ್ರೆ ಹೊಲಿದು ತೋರ್ಸು. ಹಳೇ ಕಟಿಂಗಲ್ಲಿ ಚೆನ್ನಾಗಿ ಕಂಡ್ರೆ ಒಪ್ತೀನಿ. ಇಲ್ದಿದ್ರೆ ಉಗ್ರಾಣದ್ದೇ" ಎಂದರು.

ಅಲ್ಲೇ ಇರುವುದು ತೊಡಕು. ಹಳೆಯ ಕಟಿಂಗ್‌ನಲ್ಲಿ ಒಂದೇ ಉದ್ದದ ಬಟ್ಟೆಯನ್ನು ಹೆಗಲ ಮೇಲೆ ಮಡಚಿ, ಹಿಂದು, ಮುಂದು, ತೋಳು ಎಲ್ಲ ಒಟ್ಟಿಗೇ ಕತ್ತರಿಸುತ್ತಿದ್ದರು. ಎದೆಯ ಮೇಲೆ ಓರೆಯಾಗಿ ತೆರೆಯುವ ಕಡೆ ಒಂದರ ಮೇಲೊಂದು ಕೂರಲು ಬಟ್ಟೆ ಸಾಲುವುದಿಲ್ಲ. ಅದನ್ನು ಎಲ್ಲಿಂದ ಎಳೆದು ತರುತ್ತಿದ್ದರು ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ಬಿಚ್ಚಿ ಹಾಸಿ ನೋಡಬೇಕು.

ಅದನ್ನು ಕಳಿಸು. ಹೊಲಿಗೆ ಬಿಚ್ಚಿ, ಅಳತೆ ತೆಗೆದು, ಹೇಗಿತ್ತೋ ಹಾಗೇ ಹೊಲಿದು ಕೊಡುತ್ತೇನೆ. ನನ್ನ ಕೈ ಹೇಗೆಂದು ನಿನಗೆ ಗೊತ್ತು.

ಯಾನ್‌ರು


ಜಿಯಾಶಿಂಗ್
೧೩ ಏಪ್ರಿಲ್ ೧೯೮೭

ಯಾನ್‌ರು,

ಕಳಿಸುವುದಿಲ್ಲ.

ನಿನ್ನ ಕೈಯ ಮೇಲೆ ಅನುಮಾನ ಇಲ್ಲ. ಆ ಬಟ್ಟೆಯನ್ನು ಒಂದು ಸಲ ನಾನೇ ಬಿಚ್ಚಿದ್ದೇನೆ. ೬೬ರಲ್ಲಿ ಆ ಹುಡುಗರು ಬರುವ ಮೊದಲೇ ಬಿಚ್ಚಿ, ನಿನ್ನ ರಜಾಯಿಯ ಒಳಗೆ ಹತ್ತಿಗೆ ಹೊಂದಿಸಿ ಹೊಲಿದುಬಿಟ್ಟೆ. ಅದನ್ನೇ ಹೊದ್ದು ನೀನು ಅಷ್ಟು ವರ್ಷ ಮಲಗಿದ್ದೀಯ. ೭೯ರಲ್ಲಿ ಕಾಲ ಸ್ವಲ್ಪ ಸಡಿಲವಾದಾಗ ಹೊರತೆಗೆದು, ಹಳೆಯ ಸೂಜಿ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿದೆ. ಇನ್ನೊಮ್ಮೆ ಬಿಚ್ಚಿದರೆ ರೇಷ್ಮೆ ತಡೆಯುವುದಿಲ್ಲ. ಬಟ್ಟೆಗೂ ವಯಸ್ಸಾಗಿದೆ.

ಯಾಕೆ ಇಟ್ಟುಕೊಂಡಿದ್ದೇನೆ ಎಂದು ನೀನು ಕೇಳಲಿಲ್ಲ. ಹೇಳಿಬಿಡುತ್ತೇನೆ. ನಿಮ್ಮಪ್ಪ ಹಡಗು ಹತ್ತಿದ ದಿನ ಧಕ್ಕೆಯಲ್ಲಿ ನಾನು ತೊಟ್ಟಿದ್ದು ಅದೇ. ಹಡಗಿನ ಕಚೇರಿಯ ಕಡತಗಳನ್ನು ತೈವಾನಿಗೆ ಮುಟ್ಟಿಸಿ, ಹಬ್ಬದ ಹೊತ್ತಿಗೆ ಬರುತ್ತೇನೆ ಎಂದು ಹೋದವರು. ಆಮೇಲೆ ಇಲ್ಲಿ ಸರ್ಕಾರ ಬದಲಾಗಿ ದಾರಿಯೇ ಮುಚ್ಚಿಹೋಯಿತು. ಈಗ ಬಂದರು ಅಂತ ಇಟ್ಟುಕೋ. ಈ ಮುಖ ನೋಡಿ ಯಾರು ಗುರುತು ಹಿಡಿಯುತ್ತಾರೆ? ಬಟ್ಟೆ ನೋಡಿಯಾದರೂ ಹಿಡಿಯಲಿ. ಬದುಕಿರುವಾಗ ಬರದಿದ್ದರೆ ನನ್ನನ್ನು ಅದರಲ್ಲೇ ಕಳಿಸಿಕೊಡು. ಅಲ್ಲಿಯಾದರೂ ಗುರುತು ಸಿಗಲಿ.

ಅಳತೆ ಎಲ್ಲ ತೆಗೆದು ಈ ಕಾಗದದ ಹಿಂದೆ ಬರೆದಿದ್ದೇನೆ. ಅದರಲ್ಲೇ ಸುಧಾರಿಸಿಕೋ.

ಅಮ್ಮ


ಶಾಂಘೈ
೨೧ ಏಪ್ರಿಲ್ ೧೯೮೭

ಅಮ್ಮಾ,

ಅಳತೆ ಬಂತು. ಉಪಕಾರವಾಯಿತು.

ಆ ಮನುಷ್ಯನ ವಿಚಾರ ನಾನಾಗಿ ಎತ್ತಿದವಳಲ್ಲ, ನೀನು ಎತ್ತಿದ್ದೀಯ. ಅವರ ಮುಖ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅಪ್ಪ ತೈವಾನಿನಲ್ಲಿದ್ದಾನೆ ಎಂಬ ಒಂದೇ ಮಾತಿಗೆ ನನಗೆ ಕಾಲೇಜು ತಪ್ಪಿತು, ಗುಂಡಿ ಕಾರ್ಖಾನೆಯಲ್ಲಿ ತೂತು ಕೊರೆಯುತ್ತ ಹರೆಯ ಕಳೆದೆ. ನೀನು ಬೀದಿ ಗುಡಿಸಿದೆ. ಅವರು ಅಲ್ಲಿ ಒಬ್ಬರೇ ಕೂತು ನಿನ್ನ ಕೆಂಗಂದು ಚಿಪಾವ್ ನೆನೆಯುತ್ತಿದ್ದಾರೆ ಎಂದುಕೊಂಡಿದ್ದೀಯಾ? ಇನ್ನೊಬ್ಬಳನ್ನು ಕಟ್ಟಿಕೊಂಡು, ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿರುತ್ತಾರೆ. ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ.

ಇಟ್ಟುಕೋ ನಿನ್ನ ಬಟ್ಟೆಯನ್ನು. ನನಗೆ ಕೆಲಸವಿದೆ.

ಯಾನ್‌ರು


ಜಿಯಾಶಿಂಗ್
೨೮ ಸೆಪ್ಟೆಂಬರ್ ೧೯೮೭

ಯಾನ್‌ರು,

ಶರತ್ಕಾಲದ ಹುಣ್ಣಿಮೆ ಹತ್ತಿರ ಬಂತು. ಹಬ್ಬದ ಕಡುಬು ಕಳಿಸಿದ್ದೇನೆ. ಮಾಂಸದ್ದು ಮೊದಲು ತಿನ್ನು, ಬೇಗ ಹಳಸುತ್ತದೆ. ರಜಾಯಿಗೆ ಹೊಸ ಹತ್ತಿ ತುಂಬಿಸಿದೆ, ಯಾರಾದರೂ ಆ ಕಡೆ ಬಂದರೆ ಕೊಟ್ಟು ಕಳಿಸುತ್ತೇನೆ. ಇಲ್ಲಿ ಮಳೆ ಇಲ್ಲ. ತಾನ್ ಅಕ್ಕ ಹಲ್ಲು ಕಟ್ಟಿಸಿಕೊಂಡಿದ್ದಾಳೆ, ಈಗ ಅವಳ ಬಾಯಿಗೆ ತಡೆಯೇ ಇಲ್ಲ.

ಅಮ್ಮ


ಶಾಂಘೈ
೮ ನವೆಂಬರ್ ೧೯೮೭

ಅಮ್ಮಾ,

ಕಡುಬು ನಾನೊಬ್ಬಳೇ ತಿಂದೆ, ಯಾರಿಗೂ ಕೊಡಲಿಲ್ಲ. ಇಷ್ಟು ತಿಂಗಳು ಬರೆಯದೆ ಇದ್ದದ್ದಕ್ಕೆ ಏನು ಹೇಳಲಿ? ಬರೆಯಲು ಕೂತರೆ ಏಪ್ರಿಲ್ ಕಾಗದವೇ ನೆನಪಾಗುತ್ತಿತ್ತು, ಪೆನ್ನು ಕೆಳಗಿಡುತ್ತಿದ್ದೆ.

ನಿನ್ನ ಅಳತೆ ಹಿಡಿದು ಮೂರು ಸಲ ಹೊಲಿದೆವು. ಕಂಕುಳಲ್ಲಿ ಸುಕ್ಕು ಕಟ್ಟುತ್ತದೆ. ಓರೆಯ ಅಂಚು ಬಾಯಿ ಬಿಡುತ್ತದೆ. ನಾಯಕಿ ಹುಡುಗಿ ತೊಟ್ಟು ನಿಂತಾಗ ಚೆನ್ನಾಗಿದೆ, ಟ್ರಾಮ್ ಕಂಬಿ ಹಿಡಿಯಲು ಕೈ ಎತ್ತಿದರೆ ಮುಗಿಯಿತು. "ಅಕ್ಕಾ, ಇದ್ರಲ್ಲಿ ನಾನು ಗೂಢಚಾರಿಣಿ ಥರ ಇಲ್ಲ, ಕಟ್ಟಿಟ್ಟ ಮೂಟೆ ಥರ ಇದೀನಿ" ಎನ್ನುತ್ತಾಳೆ. ಚಿಯು ಅವರು ಏನೂ ಅನ್ನುವುದಿಲ್ಲ, ಉಗ್ರಾಣದ ಕಡೆ ಒಮ್ಮೆ ನೋಡಿ ನನ್ನ ಕಡೆ ನೋಡುತ್ತಾರೆ. ಸುಟ್ಟುಹೋಗುತ್ತದೆ ಮೈ. ಮಾರ್ಚ್ ಮೊದಲ ವಾರದವರೆಗೆ ಸಮಯ ಕೊಟ್ಟಿದ್ದಾರೆ. ಆಮೇಲೆ ಚಳಿ ಹೋಗುತ್ತದೆ, ಮರಗಳು ಚಿಗುರುತ್ತವೆ.

ಇದನ್ನು ಬಟ್ಟೆ ಕೇಳಲು ಬರೆಯುತ್ತಿಲ್ಲ. ನಿಜವಾಗಿಯೂ ಇಲ್ಲ.

ಪತ್ರಿಕೆಯಲ್ಲಿ ಓದಿದೆಯಾ? ತೈವಾನಿನಲ್ಲಿ ಇರುವವರು ನೆಂಟರನ್ನು ನೋಡಲು ಈ ಕಡೆ ಬರಬಹುದಂತೆ. ನಮ್ಮ ಮೇಕಪ್ಪಿನ ಮುದುಕ ಓದಿ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟ. ಅವನ ಅಣ್ಣ ಅಲ್ಲಿದ್ದಾನಂತೆ, ನಮಗ್ಯಾರಿಗೂ ಹೇಳಿರಲೇ ಇಲ್ಲ.

ನೀನು ಓದಿರುತ್ತೀಯ. ಅದಕ್ಕೇ ಬರೆದೆ.

ಯಾನ್‌ರು


ಜಿಯಾಶಿಂಗ್
೨೦ ಡಿಸೆಂಬರ್ ೧೯೮೭

ಯಾನ್‌ರು,

ನಿಮ್ಮಪ್ಪ ಇದ್ದಾರೆ. ರೆಡ್ ಕ್ರಾಸ್‌ನವರ ಮೂಲಕ ಸುದ್ದಿ ಕಳಿಸಿದ್ದರು, ಆಮೇಲೆ ಅವರದೇ ಕಾಗದ ಬಂತು. ನೀನು ಹೇಳಿದ್ದೇ ಸರಿ. ಅಲ್ಲಿ ಹೆಂಡತಿ ಇದ್ದಾಳೆ, ಗಂಡುಮಕ್ಕಳಿದ್ದಾರೆ. ಮುಚ್ಚಿಡದೆ ಬರೆದಿದ್ದಾರೆ. ಓದಿ ಆ ದಿನ ಒಲೆ ಹಚ್ಚಲಿಲ್ಲ. ಮಾರನೆಯ ದಿನ ಹಚ್ಚಿದೆ.

ಅಳು ಬಂತಾ ಎಂದು ಕೇಳುತ್ತೀಯ. ಬಂತು. ಇನ್ನೇನು ಮಾಡಲಿ? ಸಿಟ್ಟೂ ಬಂತು. ಆದರೆ ಅವರಿಗಾದರೂ ಬಿಸಿ ಅನ್ನ ಹಾಕುವವರು ಇದ್ದರಲ್ಲ ಎಂದೂ ಅನಿಸಿತು, ಸುಳ್ಳು ಯಾಕೆ ಹೇಳಲಿ? ತಾನ್ ಅಕ್ಕ ಮಾತ್ರ, "ಬರ್ಲಿ ಆ ಗಂಡಸು, ನಾಲ್ಕು ಮಾತು ಕೇಳ್ದೆ ಬಿಡಲ್ಲ" ಎಂದು ಸೊಂಟ ಕಟ್ಟಿ ನಿಂತಿದ್ದಾಳೆ. ಸ್ಟೇಷನ್ನಿಗೆ ತಾನೂ ಬರುತ್ತಾಳಂತೆ.

ಫೆಬ್ರವರಿ ಮೊದಲಲ್ಲಿ ಬರುತ್ತಾರೆ, ವಸಂತದ ಹಬ್ಬ ಮುಗಿಸಿ ಹೋಗುತ್ತಾರೆ. ಒಬ್ಬರೇ. ನಾನು ಕೆಂಗಂದು ಚಿಪಾವ್ ತೊಡುತ್ತೇನೆ. ತೊಟ್ಟು ನೋಡಿದೆ. ಹೆಗಲು, ಎದೆ ಪರವಾಗಿಲ್ಲ, ಸೊಂಟದ ಹತ್ತಿರ ಪಕ್ಕ ಮುಚ್ಚುವುದಿಲ್ಲ. ಏನು ಮಾಡಲಿ ಎಂದು ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ನೀನೂ ಬಾ. ನಿನ್ನನ್ನೇ ಕೇಳಿದ್ದಾರೆ.

ಅಮ್ಮ


ಶಾಂಘೈ
೪ ಜನವರಿ ೧೯೮೮

ಅಮ್ಮಾ,

ಪಕ್ಕವನ್ನು ಬಿಗಿಯಾಗಿ ಎಳೆಯಲೇಬೇಡ, ರೇಷ್ಮೆ ಸೀಳುತ್ತದೆ. ಕಂಕುಳಿನಿಂದ ಎದೆಯ ಕೆಳಗಿನವರೆಗಿನ ಟಿಚ್ ಬಟನ್ ಮಾತ್ರ ಹಾಕು, ಅದರ ಕೆಳಗಿನದು ತೆರೆದೇ ಇರಲಿ. ಒಳಗೆ ಅದೇ ಬಣ್ಣದ ಲಂಗ ಹಾಕು, ಮೇಲೆ ಕಪ್ಪು ಸ್ವೆಟರ್ ಬರಲಿ. ಸ್ವೆಟರಿನ ಉದ್ದ ಸೊಂಟ ದಾಟಬೇಕು. ಆಗ ಯಾರಿಗೂ ಕಾಣಿಸುವುದಿಲ್ಲ. ಕಾಲಿಗೆ ಹತ್ತಿ ಬೂಟು ಬೇಡ, ಕಪ್ಪು ಬಟ್ಟೆಯ ಷೂ ಇದೆಯಲ್ಲ ಅದು. ಕರವಸ್ತ್ರ ಬಲಕ್ಕೆ. ಕೂದಲಿಗೆ ಏನೂ ಮಾಡಬೇಡ, ಆಗಲೂ ನೀನು ಏನೂ ಮಾಡುತ್ತಿರಲಿಲ್ಲ ಎಂದಿದ್ದೆ. ಕಾಗದದ ಜೊತೆ ಟಿಚ್ ಬಟನ್ ಕಳಿಸಿದ್ದೇನೆ, ಹಳೆಯವು ತುಕ್ಕು ಹಿಡಿದಿರುತ್ತವೆ, ಬದಲಾಯಿಸು. ಇಸ್ತ್ರಿ ಒಳಗಿನಿಂದ ಮಾಡು, ಒದ್ದೆ ಬಟ್ಟೆ ನಡುವೆ ಇಟ್ಟು.

ನಾನು ಬರುವುದಿಲ್ಲ. ಅವರು ನನ್ನನ್ನು ಕೇಳಿದ್ದಾರೆ ಎಂದರೆ ಯಾರನ್ನು ಕೇಳಿದ್ದಾರೆ ಅಮ್ಮ? ಅವರಿಗೆ ನಾನು ಗೊತ್ತಿಲ್ಲ. ಹೋದಾಗ ನನಗೆ ಒಂದೂವರೆ ವರ್ಷ. ಎದುರು ಕೂತು ಇಬ್ಬರೂ ಚಹಾ ಲೋಟ ನೋಡಿಕೊಂಡಿರಬೇಕು, ಅಷ್ಟೇ ತಾನೇ.

ಹೇಗಾಯಿತು ಎಂದು ಬರೆ. ಬಟ್ಟೆಯ ವಿಚಾರ.

ಯಾನ್‌ರು


ಜಿಯಾಶಿಂಗ್
೯ ಫೆಬ್ರವರಿ ೧೯೮೮

ಯಾನ್‌ರು,

ಹೇಗಾಯಿತು ಎಂದು ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೇ ತೊಟ್ಟೆ. ಸ್ವೆಟರು, ಲಂಗ, ಷೂ, ಎಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಈ ವಯಸ್ಸಿನಲ್ಲಿ ನಾಚಿಕೆಯಾಯಿತು, ಸ್ವಲ್ಪ ಜಂಬವೂ ಬಂತು. ರೈಲು ಬಂತು. ಬೂದು ಕೋಟು ತೊಟ್ಟ ಒಬ್ಬ ಮುದುಕ ಇಳಿದರು, ನಡಿಗೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ನನ್ನ ಕಡೆಗೇ ಬಂದರು. ಬಂದವರು ನನ್ನನ್ನು ದಾಟಿ, ನೀಲಿ ಕೋಟಿನ ತಾನ್ ಅಕ್ಕನ ಎದುರು ನಿಂತು, ಅವಳ ಕೈ ಹಿಡಿದು, "ಜಿಂಗ್‌ಶು" ಎಂದು ನನ್ನ ಹೆಸರು ಹಿಡಿದು ಅಳಲು ಶುರು ಮಾಡಿದರು.

ತಾನ್ ಅಕ್ಕನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಕಟ್ಟಿತು. ಬಯ್ಯಲು ಬಂದವಳು ಅವರ ಜೊತೆ ತಾನೂ ಅತ್ತಳು. ನನಗೆ ಎಲ್ಲಿಲ್ಲದ ಕೋಪ ಬಂತು. "ಷು ಬೊಯಾನ್! ಕಣ್ಣು ಎಲ್ಲಿಟ್ಟಿದೀರಿ? ಹೆಂಡ್ತಿ ಇಲ್ಲಿದೀನಿ!" ಎಂದು ಕೂಗಿದೆ, ಇಡೀ ಪ್ಲಾಟ್‌ಫಾರ್ಮ್ ತಿರುಗಿ ನೋಡಿತು. ಆ ದನಿಗೆ ಅವರು ತಿರುಗಿದರು. ಬೈಗುಳದ ಗುರುತು ಸಿಕ್ಕಿತು, ಮುಖದ್ದು ಸಿಗಲಿಲ್ಲ.

ಮನೆಗೆ ಬಂದು ಅನ್ನ ಹಾಕಿದೆ. ಉಂಡರು. ಸ್ವೆಟರ್ ತೆಗೆದು ಎದುರಿಗೆ ನಿಂತು, "ಇದು ನೆನಪಿದೆಯಾ?" ಎಂದೆ. ಬಹಳ ಹೊತ್ತು ನೋಡಿದರು. ಪಾಪ, ತಪ್ಪು ಹೇಳಬಾರದು ಎಂದು ಎಷ್ಟು ಯೋಚಿಸಿದರೋ. ಕೊನೆಗೆ, "ಚೆನ್ನಾಗಿದೆ. ಹೊಸದಾ?" ಎಂದರು.

ನಾನು ಒಳಗೆ ಹೋಗಿ ಬಟ್ಟೆ ಬದಲಾಯಿಸಿ ಬಂದೆ.

ನಲವತ್ತು ವರ್ಷ, ಯಾನ್‌ರು. ಎಷ್ಟು ನಕ್ಕೆನೋ ಅಷ್ಟೇ ಅತ್ತೆ. ನಿನ್ನೆ ಬೆಳಗ್ಗೆ ಅಂಗಳದ ಬಿಸಿಲಲ್ಲಿ ಕೂತು ಬ್ಲೇಡು ಹಿಡಿದು ಅದನ್ನು ಬಿಚ್ಚಿದೆ. ಅವರು ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಬಟ್ಟೆ ಹಿಡಿದುಕೊಂಡಿದ್ದರು. ಯಾಕೆ ಬಿಚ್ಚುತ್ತಿದ್ದೀಯ ಎಂದರು. ಮಗಳಿಗೆ ಬೇಕಂತೆ, ಸಿನಿಮಾಕ್ಕೆ ಉಡುಪು ಮಾಡುತ್ತಾಳೆ, ಆಗ ಯಾರು ಏನು ತೊಟ್ಟಿದ್ದರು ಎಂದು ಎಲ್ಲರನ್ನೂ ಕೇಳುತ್ತಾಳೆ ಎಂದೆ.

ಅವರು, "ಅವತ್ತು ಧಕ್ಕೇಲಿ ಅವಳು ಏನು ತೊಟ್ಟಿದ್ಲು ಅಂತ ಬೇಕಾದ್ರೆ ಹೇಳ್ತೀನಿ" ಎಂದರು. ಹೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಏನನ್ನೂ ಸೇರಿಸಿಲ್ಲ.

"ನೀಲಿ ಹೂವಿನ ಹತ್ತಿ ಕೋಟು. ನೀನು ಒಳಹೊರಗೆ ತಿರುಗಿಸಿ ತೊಡಿಸಿದ್ದೆ, ಲೈನಿಂಗ್ ಮೇಲಿತ್ತು, ಹೂವು ಒಳಗೆ. ಕೈ ಉದ್ದ ಆಗಿತ್ತು, ಮಡಚಿದ್ದೆ, ಮಡಚಿದ ಕಡೆ ಮಾತ್ರ ಹೂವು ಕಾಣ್ತಿತ್ತು. ಹಳದಿ ಉಲ್ಲನ್ ಟೋಪಿ, ದಾರ ಎಡಗಿವಿ ಕೆಳಗೆ ಕಟ್ಟಿತ್ತು. ಹಿಂದೆ ಸೀಳಿರೋ ಚಡ್ಡಿ, ಆ ಗಾಳಿಗೆ ಕುಂಡಿ ಕೆಂಪಗಾಗಿತ್ತು, ನಾನು ಕೈ ಅಡ್ಡ ಹಿಡ್ಕೊಂಡೇ ಎತ್ಕೊಂಡಿದ್ದೆ. ಬಲಗಾಲಿನ ಷೂ ಇರ್ಲಿಲ್ಲ. ಒದ್ದು ನೀರಿಗೆ ಬೀಳ್ಸಿದ್ಲು. ನಾನು ಹೊಡೆಯೋ ಹಾಗೆ ಕೈ ಎತ್ದೆ, ಅವಳು ನಕ್ಳು. ಹಡಗಿನ ಸೀಟಿ ಆಯ್ತು."

ಕೋಟು ತಿರುಗಿಸಿ ತೊಡಿಸಿದ್ದು ನನಗೆ ಮರೆತೇ ಹೋಗಿತ್ತು, ಯಾನ್‌ರು. ಹೌದು. ಅವತ್ತು ಬೆಳಗ್ಗೆ ನೀನು ಅದರ ಮೇಲೆ ಹಾಲು ಕಕ್ಕಿದ್ದೆ.

ಬಟ್ಟೆ ಈ ಪೊಟ್ಟಣದಲ್ಲಿದೆ. ಮತ್ತೆ ಹೊಲಿಯಬೇಡ, ನನಗೆ ಬೇಡ. ನಿನ್ನ ಹುಡುಗಿಗೆ ಕೈ ಎತ್ತಲು ಬಂದರೆ ಸಾಕು. ಅವರು ಹಬ್ಬದ ಮಾರನೆಯ ದಿನ ಹೊರಡುತ್ತಾರೆ.

ಅಮ್ಮ


ಶಾಂಘೈ
೧೨ ಫೆಬ್ರವರಿ ೧೯೮೮

ಅಮ್ಮಾ,

ಪೊಟ್ಟಣ ಬಂತು. ಮೇಜಿನ ಮೇಲೆ ಹಾಸಿ ನೋಡಿದೆ. ಹೆಚ್ಚಿನ ಬಟ್ಟೆಯನ್ನು ಎಲ್ಲಿಂದಲೂ ತಂದಿಲ್ಲ. ಕತ್ತರಿಸುವ ಮೊದಲೇ ಬೆನ್ನಿನ ಕಡೆಯಿಂದ ಒಂದಿಷ್ಟು ಓರೆ ಮಾಡಿ ಮಡಚಿ, ಬಿಸಿ ಇಸ್ತ್ರಿಯಲ್ಲಿ ಎಳೆದು ಹಿಗ್ಗಿಸಿದ್ದಾರೆ. ರೇಷ್ಮೆಯ ಎಳೆ ಅಲ್ಲಿ ಇನ್ನೂ ಬಾಗಿಯೇ ಇದೆ. ಸಂಜೆಯೊಳಗೆ ಮಾಮೂಲಿ ಬಟ್ಟೆಯಲ್ಲಿ ಒಂದು ಹೊಲಿದೆವು. ಹುಡುಗಿ ತೊಟ್ಟು ಎರಡೂ ಕೈ ಎತ್ತಿದಳು, ಟ್ರಾಮ್ ಕಂಬಿ ಹಿಡಿದವಳ ಹಾಗೆ ಜೋಲಿ ಹೊಡೆದಳು. ಕಂಕುಳಲ್ಲಿ ಒಂದು ಸುಕ್ಕಿಲ್ಲ. ಚಿಯು ಅವರು ಅವಳ ಸುತ್ತ ಒಂದು ಸುತ್ತು ಬಂದು, "ಸರಿ ಮಾರಾಯ್ತಿ, ಮೊಣಕಾಲು ಮುಚ್ಚೇ ಬಿಡು" ಎಂದರು.

ಗೆದ್ದೆ ಎಂದು ಕುಣಿಯಬೇಕಿತ್ತು. ನಾನು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಿನ್ನ ಕಾಗದವನ್ನು ಮತ್ತೆ ಓದಿದೆ. ಎಷ್ಟು ಜನರನ್ನು ಕೇಳಿದ್ದೇನೆ ಈ ವರ್ಷ. ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ದಾರ ಯಾವ ಕಿವಿಯ ಕೆಳಗೆ ಎಂದು ಯಾರಿಗೆ ನೆನಪಿರುತ್ತದೆ ಅಮ್ಮ?

ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ, ಹಬ್ಬ ಮುಗಿಸಿಯೇ ಹೋಗುತ್ತೇನೆ. ಅಪ್ಪನಿಗೆ ಹೇಳು. ಸ್ಟೇಷನ್ನಿಗೆ ಅವರನ್ನೂ ಕರೆದುಕೊಂಡು ಬಾ, ತಾನ್ ಅಕ್ಕನನ್ನು ಮಾತ್ರ ಕರೆತರಬೇಡ.

ನೂರಾರು ಜನರಿಗೆ ಇದು ತೊಡು, ಅದು ಬಿಡು ಎಂದು ಹೇಳುವವಳು ನಾನು. ಬೆಳಗಿನಿಂದ ಪೆಟ್ಟಿಗೆ ತೆರೆದಿಟ್ಟುಕೊಂಡು ಅದರ ಮುಂದೆ ಕೂತಿದ್ದೇನೆ. ಏನು ಹಾಕಿಕೊಂಡು ಬರಲಿ, ಅಮ್ಮ?

ಯಾನ್‌ರು